ಡೋಲು ಯಾರ ಅಪ್ಪಣೆಗೆ?

'ಹಿರಿಯರ ಜ್ಞಾನ ಅಳಿದು ಹೋಗ್ತಿದೆ, ಉಳಿಸಿಕೊಳ್ಳಿ' ಎಂಬ ಉಪದೇಶ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೊರಗ ಕೇರಿಗಳಿಗೂ ಬಂದಿದೆ. ಹಿರಿಯರು ಕೂತು ಬುಟ್ಟಿ ಹೆಣೆಯುವುದನ್ನು, ಡೋಲು ಬಾರಿಸುವುದನ್ನು, ಕೊಳಲೂದುವುದನ್ನು ಮಕ್ಕಳಿಗೆ ತೋರಿಸುವ ಕೂಟಗಳನ್ನು ಹೊರಗಿನವರು ಮೆಚ್ಚುತ್ತಾರೆ. ಮೆಚ್ಚಲಿ, ಬೇಡ ಎನ್ನುವುದಿಲ್ಲ. ಆದರೆ ಈ ಮೆಚ್ಚುಗೆಯೊಳಗೆ ಒಂದು ಮರೆವಿದೆ. ಆ ಡೋಲನ್ನು ಇಷ್ಟು ಕಾಲ ಬಾರಿಸಿದ್ದು ಯಾರ ಅಪ್ಪಣೆಗೆ? ಇನ್ನೂ ಒಂದು ಮಾತು: ರಾಜ್ಯದಲ್ಲಿ ಕೊರಗರ ಸಂಖ್ಯೆ 2001ರ ಜನಗಣತಿಯಲ್ಲಿ 16,071, 2011ರಲ್ಲಿ 14,794. ಜ್ಞಾನ ಅಳಿಯುತ್ತಿದೆಯೆಂದು ಮರುಗುವವರು ಜನ ಕಡಿಮೆಯಾಗುತ್ತಿರುವುದನ್ನೂ ನೋಡಬೇಕು.

'ಅಜಲು' ಎಂಬ ಪದ ಗೊತ್ತಿಲ್ಲದೆ ಕೊರಗರ ಕಲೆಯ ಬಗ್ಗೆ ಒಂದು ವಾಕ್ಯವನ್ನೂ ಬರೆಯಲಾಗದು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು - ಇಂಥವನ್ನು ಹೆಸರಿಸಿ ನಿಷೇಧಿಸುವ ಕಾನೂನನ್ನು ಕರ್ನಾಟಕ 2000ದಲ್ಲಿ ತರಬೇಕಾಯಿತು. ಕಾಗದದಲ್ಲಿ ಕೊರಗರು ಪರಿಶಿಷ್ಟ ಪಂಗಡ. ಊರಿನ ಕಣ್ಣಲ್ಲಿ ಅಸ್ಪೃಶ್ಯರು. ಕಂಬಳಕ್ಕೂ ಜಾತ್ರೆಗೂ ಅವರ ಡೋಲು ಬೇಕಿತ್ತು. ಬಾರಿಸುವವನು ಮಾತ್ರ ದೂರ ನಿಲ್ಲಬೇಕಿತ್ತು. ಹೀಗಿರುವಾಗ ಮೊಮ್ಮಗ 'ನಂಗ್ ಡೋಲ್ ಬ್ಯಾಡ' ಅಂದರೆ ಅದನ್ನು ಸಾಂಸ್ಕೃತಿಕ ವಿಸ್ಮೃತಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಆ ನಿರಾಕರಣೆಯೂ ಅಜ್ಜನ ಅನುಭವದಿಂದಲೇ ಬಂದ ಜ್ಞಾನ.

ಕನ್ನಡ ವಿಮರ್ಶೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಬಹುದಿತ್ತು. ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಚೋಮ ಕೊರಗನಲ್ಲ, ಹೊಲೆಯ. ಆದರೂ ಭೂಮಿಯ ಆಸೆಯನ್ನೂ ಚರ್ಮವಾದ್ಯವನ್ನೂ ಒಂದೇ ಎದೆಯಲ್ಲಿಟ್ಟು ನೋಡಿದ ಕಾದಂಬರಿ ಅದು. ದೊಡ್ಡ ಕೃತಿ, ಸಂಶಯವಿಲ್ಲ. ಆದರೆ ಚೋಮನ ಕೈಗೆ ದುಡಿ ಕೊಟ್ಟ ಕಾದಂಬರಿ ಆ ದುಡಿಗೊಬ್ಬ ವಾರಸುದಾರನನ್ನು ಉಳಿಸಲಿಲ್ಲ. ಮಕ್ಕಳಲ್ಲಿ ಸತ್ತವರು ಸತ್ತರು, ಹೋದವರು ಹೋದರು. ಕೊನೆಗೆ ಮುಚ್ಚಿದ ಬಾಗಿಲ ಹಿಂದೆ ಒಂಟಿ ಚೋಮ. ಓದುಗನಿಗೆ ಕಣ್ಣೀರು ಸಿಗುತ್ತದೆ, ಕೇರಿಗೆ ಏನು ಸಿಗುತ್ತದೆ? ದಲಿತನ ಕಲೆ ಅವನ ಜೊತೆಗೇ ಸಾಯುವುದು ತರಗತಿಗಳಲ್ಲಿ ಇಂದಿಗೂ ದುರಂತದ ಸೌಂದರ್ಯವೆಂದೇ ಪಾಠವಾಗುತ್ತಿದೆ.

ಇದರ ಎದುರಿಗೆ ಕೊರಗರ ಭೂಮಿ ಹಬ್ಬವನ್ನು ಇಟ್ಟು ನೋಡಿ. 1993ರ ಭೂಮಿ ಹೋರಾಟದ ನೆನಪಿಗೆ ಪ್ರತಿವರ್ಷ ಆಗಸ್ಟ್ 18ರಂದು ನಡೆಯುವ ಹಬ್ಬ ಅದು. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದು 1994ರ ಮಹಮ್ಮದ್ ಪೀರ್ ವರದಿ ಹೇಳಿತ್ತು. ಎಷ್ಟೋ ಮನೆಗಳ ಪಾಲಿಗೆ ಅದು ಇನ್ನೂ ಬೇಡಿಕೆಯೇ. ಹಬ್ಬದಲ್ಲೂ ಡೋಲಿದೆ, ಹಿರಿಯರಿದ್ದಾರೆ. ಆದರೆ ಕರೆದವರು ಅವರೇ, ಕುಣಿಯುವವರೂ ಅವರೇ. ಚೋಮನೊಳಗೆ ಒಂಟಿಯಾಗಿದ್ದ ಭೂಮಿ ಮತ್ತು ವಾದ್ಯ ಇಲ್ಲಿ ಸಂಘಟನೆಯಾಗಿವೆ. ಬುಟ್ಟಿಯ ಕತೆಯೂ ಅಷ್ಟೇ. ಬಳ್ಳಿ, ಬಿದಿರು ತರಲು ಕಾಡಿಗೆ ಬಿಡದೆ 'ಹೆಣಿಗೆ ಉಳಿಸಿ' ಎನ್ನುವುದು ಬರೀ ಬಾಯಿಮಾತು.

ಊರು ಬದಲಾಗಿದೆ ಎನ್ನುವವರಿಗೆ ಒಂದು ಸಂಗತಿ. 2021ರ ಡಿಸೆಂಬರಿನಲ್ಲಿ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುವೆಯ ಮೆಹಂದಿ ನಡೆಯುತ್ತಿತ್ತು. ಡಿಜೆ ಸದ್ದಿನ ಬಗ್ಗೆ ದೂರು ಬಂತೆಂದು ಪೊಲೀಸರು ಬಂದು ಲಾಠಿ ಬೀಸಿದರು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದೂ ಅದೇ ಕೋಟತಟ್ಟಿನಲ್ಲಿ. ಊರಿಗಾಗಿ ಬಾರಿಸಿದ ಡೋಲು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ತಮ್ಮ ಮದುವೆಗೆ ಹಾಕಿಕೊಂಡ ಹಾಡು ಕೆಡಿಸಿತು.

ಆದ್ದರಿಂದ ದಲಿತ ವಿಮರ್ಶೆ ನಾದ, ಲಯ, ಕುಸುರಿಗಳ ಮಾತಿಗೆ ಮೊದಲು ಮೂರು ಪ್ರಶ್ನೆ ಕೇಳಬೇಕು. ಕರೆದವರು ಯಾರು? ಕೂಲಿ ಎಷ್ಟು? 'ಬತ್ತಿಲ್ಲೆ' ಎಂದು ಹೇಳಿ ಮನೆಯಲ್ಲಿ ಕೂರುವ ಧೈರ್ಯ ಬಾರಿಸುವವನಿಗೆ ಇದೆಯೇ? ಈ ಕೂಟಗಳಿಗೆ ಟೇಪು, ಕ್ಯಾಮೆರಾ ಹಿಡಿದು ಹೋಗುವ ನಮ್ಮ ವಿದ್ಯಾರ್ಥಿಗಳು ತಾಳ ಬರೆದುಕೊಳ್ಳುವ ಮೊದಲು ಅಜ್ಜ ಅಜ್ಜಿಯರ ಹತ್ತಿರ ಇಷ್ಟನ್ನು ಕೇಳಿ ಬರಲಿ. ಉತ್ತರ ಸಿಕ್ಕ ಮೇಲೆ ಸೌಂದರ್ಯದ ಚರ್ಚೆಗೆ ಕೂರೋಣ.