ಮಚ್ಛೆಯ ನಿಲುಗಡೆಯಲ್ಲಿ ಗ್ಯಾರಂಟಿ

ಖಾನಾಪುರದಿಂದ ಬೆಳಗಾವಿಗೆ ಬರುವ ಬೆಳಗಿನ ಬಸ್ಸಿನಿಂದ ಮಚ್ಛೆಯಲ್ಲಿ ಇಳಿಯುವ ಹೆಂಗಸರ ಕೈಯಲ್ಲಿ ಶೂನ್ಯ ಟಿಕೆಟ್ ಇರುತ್ತದೆ. 2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿಗಳಲ್ಲೇ ಉತ್ತಮವಾದದ್ದು ಎಂದು ನಾನು ನಂಬಿದ್ದೇನೆ. ಅದು ಜಾತಿ ಕೇಳುವುದಿಲ್ಲ, ಆದಾಯ ಕೇಳುವುದಿಲ್ಲ, ರೇಷನ್ ಕಾರ್ಡು ಯಾವುದೆಂದೂ ಕೇಳುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ಬಡವಿ ಎಂದು ಸಾಬೀತು ಮಾಡಿಕೊಳ್ಳುವ ಅವಮಾನವಿಲ್ಲ. ಆದರೆ ಬಸ್ಸೇ ಹೋಗದ ಕಡೆ ಈ ಟಿಕೆಟ್ಟಿಗೆ ಬೆಲೆಯಿಲ್ಲ. ಇದೇ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗಿರುವ ಆಮಗಾಂವ್, ಗವಾಳಿಗಳನ್ನು ನೋಡಿದವರಿಗೆ ಇದು ಗೊತ್ತು.

ಈ ಯೋಜನೆಗಳಿಗೂ ಬೆಳಗಾವಿಗೂ ಹತ್ತಿರದ ನಂಟು. ರಾಹುಲ್ ಗಾಂಧಿ ನಿರುದ್ಯೋಗಿ ಯುವಕರಿಗೆ ಭತ್ಯೆ ಕೊಡುವ ಯುವನಿಧಿಯನ್ನು ಘೋಷಿಸಿದ್ದು 2023ರ ಮಾರ್ಚ್ 20ರಂದು, ಬೆಳಗಾವಿಯಲ್ಲಿ. ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿಯ ಹೊಣೆ ಹೊತ್ತ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಬೆಳಗಾವಿ ಗ್ರಾಮೀಣ ಕ್ಷೇತ್ರದ ಶಾಸಕಿ. ಆ ವರ್ಷ ಜಿಲ್ಲೆಯ 18 ಸ್ಥಾನಗಳಲ್ಲಿ 11 ಕಾಂಗ್ರೆಸ್ಸಿಗೆ ಬಂದವು; ಬಿಜೆಪಿಗೆ ಹೋದ ಉಳಿದವುಗಳಲ್ಲಿ ಖಾನಾಪುರವೂ ಒಂದು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಸಚಿವೆಯ ಮಗ ಮೃಣಾಲ್ ಬೆಳಗಾವಿಯಲ್ಲಿ ಬಿಜೆಪಿಯ ಜಗದೀಶ ಶೆಟ್ಟರ್ ಎದುರು 1.78 ಲಕ್ಷ ಮತಗಳಿಂದ ಸೋತರು. ಖಾನಾಪುರವನ್ನು ಒಳಗೊಂಡ ಉತ್ತರ ಕನ್ನಡ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಸೋತ ಅಂತರ 3.37 ಲಕ್ಷ. ಬಿಟ್ಟಿ ಭಾಗ್ಯಕ್ಕೆ ಬಡವರು ಮತ ಮಾರಿಕೊಳ್ಳುತ್ತಾರೆ ಎಂದು ಹೀಯಾಳಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹಣ ಪಡೆದ ಮಹಿಳೆ ಅದನ್ನು ಋಣವೆಂದು ತಿಳಿಯಲಿಲ್ಲ. ತನ್ನ ಪಾಲು ಎಂದು ತೆಗೆದುಕೊಂಡಳು, ಮತವನ್ನು ಬೇರೆ ಕಾರಣಗಳಿಗೆ ಹಾಕಿದಳು.

ಗಡಿ ದಾಟಿ ಮಹಾರಾಷ್ಟ್ರದ ಚಂದಗಡ ತಾಲ್ಲೂಕಿಗೆ ಹೋದರೂ ಕತೆ ಬದಲಾಗುವುದಿಲ್ಲ. ಅಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಅರ್ಧ ಟಿಕೆಟ್. 2024ರ ವಿಧಾನಸಭಾ ಚುನಾವಣೆಗೆ ಮುನ್ನ ಬಂದ 'ಲಾಡಕಿ ಬಹೀಣ್' ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿ. ಅದನ್ನು ತಂದ ಮೈತ್ರಿ ಸರ್ಕಾರದಲ್ಲಿ ಬಿಜೆಪಿಯೇ ದೊಡ್ಡ ಪಕ್ಷ. ಎರಡೂ ಪಕ್ಷಗಳಿಗೆ ಒಬ್ಬಳೇ ಮತದಾರಳು ಕಂಡಿದ್ದಾಳೆ: ಜಾತಿ, ಭಾಷೆಗಳನ್ನು ದಾಟಿ ಎಲ್ಲ ಮನೆಗಳಲ್ಲೂ ಸಿಗುವ ಗೃಹಿಣಿ. 2013ರಲ್ಲೂ ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ಗೆದ್ದಿದ್ದ ಖಾನಾಪುರದಂಥ ಕಡೆ ಇದು ಸಣ್ಣ ಬದಲಾವಣೆಯಲ್ಲ. ನೀನು ಮರಾಠಿಯೋ ಕನ್ನಡವೋ ಎಂದು ಕೇಳುತ್ತಿದ್ದ ರಾಜಕಾರಣ ಈಗ ನಿನ್ನ ಖಾತೆಗೆ ಆಧಾರ್ ಜೋಡಿಸಿದೆಯೋ ಎಂದು ಕೇಳುತ್ತಿದೆ.

ನನ್ನ ತಕರಾರು ಇರುವುದು ಈ ಗೃಹಿಣಿ ಬಸ್ಸಿನಿಂದಿಳಿದು ಮಚ್ಛೆಯ ಕೈಗಾರಿಕಾ ವಸಾಹತಿನ ಗೇಟು ದಾಟಿದ ಮೇಲೆ. ಅಲ್ಲಿ ಅವಳು ಕಾರ್ಮಿಕಳು, ಆ ಹೆಸರಿನಲ್ಲಿ ಅವಳಿಗೆ ಯಾವ ಪಕ್ಷದ ಗ್ಯಾರಂಟಿಯೂ ಇಲ್ಲ. 2023ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಮತ್ತು ಕಾರ್ಮಿಕರ ಒಪ್ಪಿಗೆಯ ಷರತ್ತಿನೊಂದಿಗೆ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ಗುತ್ತಿಗೆಯ ಕೆಲಸಗಾರರ ಒಪ್ಪಿಗೆ ಎಂಥದ್ದೆಂದು ಎಲ್ಲರಿಗೂ ಗೊತ್ತು. ಕೆಲವೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಬಸ್ ಟಿಕೆಟ್ಟಿನ ಬಗ್ಗೆ ಕಚ್ಚಾಡಿದ ಪಕ್ಷಗಳು ಕಾರ್ಖಾನೆಯ ಗಡಿಯಾರದ ಬಗ್ಗೆ ಒಂದಾದವು.

ಬಿಪಿಎಲ್ ಕಾರ್ಡಿನ ಮಿತಿ ಇನ್ನೂ ಕ್ರೂರ. ಕುಟುಂಬದ ಆದಾಯ ವರ್ಷಕ್ಕೆ 1.2 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಸರ್ಕಾರವೇ ಗೊತ್ತುಪಡಿಸಿದ ಕನಿಷ್ಠ ವೇತನ ಪೂರ್ತಿ ಕೈಗೆ ಬಂದರೆ ಫೌಂಡ್ರಿಯ ಕಾರ್ಮಿಕ ಈ ಗೆರೆ ದಾಟುತ್ತಾನೆ. ಅನ್ನಭಾಗ್ಯದ ಅಕ್ಕಿ ಉಳಿಯಬೇಕಾದರೆ ಕೂಲಿ ಕಾನೂನಿಗಿಂತ ಕಡಿಮೆ ಇರಬೇಕು, ಇಲ್ಲವೇ ಆದಾಯ ಮುಚ್ಚಿಡಬೇಕು. ರಾಜಕಾರಣ ದುಡಿಮೆಯ ಕಡೆ ಎಂದೂ ನೋಡಿಲ್ಲವೆಂದಲ್ಲ: ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಅದರಲ್ಲಿ ಎಷ್ಟೇ ಕೊರತೆಯಿದ್ದರೂ ದುಡಿಯುವವನ ಮತ್ತು ದುಡಿಸಿಕೊಳ್ಳುವವನ ಸಂಬಂಧವನ್ನೇ ಅದು ಮುಟ್ಟಿತ್ತು. ಇಂದು ಹಲಗಾ–ಮಚ್ಛೆ ಬೈಪಾಸಿಗಾಗಿ ಭತ್ತ ಬೆಳೆಯುವ ಫಲವತ್ತಾದ ಗದ್ದೆ ಹೋಗುತ್ತದೆಂದು ರೈತರು ಹೋರಾಡುತ್ತಿದ್ದರೆ, ಸರ್ಕಾರಗಳು ಬದಲಾದರೂ ರಸ್ತೆಯ ನಕ್ಷೆ ಬದಲಾಗುವುದಿಲ್ಲ.

ಗ್ಯಾರಂಟಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಗೃಹಲಕ್ಷ್ಮಿಯ ಕಂತು ತಡವಾದ ತಿಂಗಳು ಎಷ್ಟು ಮನೆಗಳ ಲೆಕ್ಕ ತಪ್ಪುತ್ತದೆ ಎಂಬುದೇ ಅದರ ಅಗತ್ಯವನ್ನು ಹೇಳುತ್ತದೆ. ಆದರೆ ಮತದಾರಳನ್ನು ಕಂಡ ಕಣ್ಣಿಗೆ ದುಡಿಯುವವಳೂ ಕಾಣಬೇಕು. ಸಂಜೆ ಪಾಳಿ ಮುಗಿಸಿ ಅದೇ ಬಸ್ಸು ಹತ್ತುವವರಲ್ಲಿ ಚಂದಗಡದ ವಿಳಾಸವಿರುವವಳಿದ್ದರೆ, ದಿನವಿಡೀ ಅಕ್ಕಪಕ್ಕ ನಿಂತು ದುಡಿದ ಗೆಳತಿಗೆ ಶೂನ್ಯ ಟಿಕೆಟ್ ಸಿಗುತ್ತದೆ, ಚಂದಗಡದವಳು ಪೂರ್ತಿ ದರ ಕೊಡುತ್ತಾಳೆ. ಅವಳ ಮತ ಇಲ್ಲಿಲ್ಲ.