ಪೆಟ್ಟಿಗೆಯೊಳಗಿನ ಜಪಾನು, ಟೆಂಪೋ ಮೇಲಿನ ಜಪಾನು

ಹಳೆಯ ಜಪಾನಿ ಎಲೆಕ್ಟ್ರಿಕ್ ಗಿಟಾರುಗಳ ಹಿಂದೆ ಬಿದ್ದವರನ್ನು ಗುರುತಿಸುವುದು ಸುಲಭ. ಗಿಟಾರು ಕೈಗೆ ಬಂದ ಕೂಡಲೇ ಅದನ್ನು ಬೋರಲು ಹಾಕಿ ಬೆನ್ನು ನೋಡುತ್ತಾರೆ. ತಂತಿ ಮೀಟುವುದು ಆಮೇಲೆ. ಐಬನೆಜ್ ಆಗಿದ್ದರೆ 1975ರ ಕೊನೆಯಿಂದೀಚೆಗೆ ಸೀರಿಯಲ್ ನಂಬರಿನ ಮೊದಲ ಅಕ್ಷರ ತಿಂಗಳು, ಅದರ ಮುಂದಿನ ಎರಡು ಅಂಕಿ ವರ್ಷ. ‘ಎ’ ಅಂದರೆ ಜನವರಿ, ‘ಎಲ್’ ಅಂದರೆ ಡಿಸೆಂಬರ್. ಫೆಂಡರ್ ಜಪಾನ್ ಆಗಿದ್ದರೆ ನಂಬರು ‘ಜೆವಿ’ಯಿಂದ ಶುರುವಾಗುತ್ತದೆಯೇ ಎಂದು ನೋಡಬೇಕು. ಹಾಗಿದ್ದರೆ ಅದು 1982ರಿಂದ 84ರೊಳಗಿನ ಮಾಲು, ಬೆಲೆ ಅಲ್ಲಿಂದಲೇ ಬೇರೆ. ತಂತಿಯ ದನಿ ಹಿಡಿಯುವ ಪಿಕಪ್ ಬಿಚ್ಚಿ ಅಡಿಯ ಮುದ್ರೆ ಓದುವವರಿದ್ದಾರೆ, ವಾಲ್ಯೂಮ್ ಗುಂಡಿಯ ಒಳಗಿನ ತಾರೀಖಿನ ಗುರುತು ಹುಡುಕುವವರೂ ಇದ್ದಾರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ದಿವಾನದ ಕೆಳಗೆ, ಕಪಾಟಿನ ನೆತ್ತಿಯ ಮೇಲೆ ಗಿಟಾರಿನ ಪೆಟ್ಟಿಗೆಗಳನ್ನು ಒಟ್ಟುವ ಈ ಹವ್ಯಾಸದ ಬಗ್ಗೆ ನನಗೆ ಗೌರವವಿದೆ, ಒಂದು ದೊಡ್ಡ ತಕರಾರೂ ಇದೆ. ತಕರಾರಿಗೆ ಬರುವ ಮೊದಲು ಗೌರವದ ಪಾಲನ್ನು ಸಲ್ಲಿಸಿಬಿಡುತ್ತೇನೆ.

ಈ ಗಿಟಾರುಗಳು ನಿಜಕ್ಕೂ ಒಳ್ಳೆಯವು. ಜಪಾನಿನ ನಾಗಾನೊ ಪ್ರಾಂತದ ಮಾತ್ಸುಮೊಟೊ ಮರಗೆಲಸದ ಊರು. ಅಲ್ಲಿನ ಮಾತ್ಸುಮೊಕು ಕಂಪೆನಿ ಮೊದಲು ಮಾಡುತ್ತಿದ್ದದ್ದು ಹೊಲಿಗೆ ಯಂತ್ರದ ಮರದ ಪೆಟ್ಟಿಗೆ, ಅದೂ ಸಿಂಗರ್ ಕಂಪೆನಿಗೆ. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಶುರುವಾಯಿತು. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಬಂದು ಬಾರಿಸಿದ ಮೇಲೆ ಜಪಾನಿನ ಹುಡುಗರಿಗೆಲ್ಲ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಮಕ್ಕಳು ಕೆಡುತ್ತಾರೆಂದು ಅಶಿಕಾಗಾ ಊರಿನ ಶಿಕ್ಷಣ ಮಂಡಳಿ ಅದನ್ನು ನಿಷೇಧಿಸುವಷ್ಟು ಹುಚ್ಚು. ಮುಂದಿನ ದಶಕದ ಹೊತ್ತಿಗೆ ಅಮೆರಿಕದ ಎರಡು ದೊಡ್ಡ ಕಂಪೆನಿಗಳೂ ಕೈ ಬದಲಾಗಿದ್ದವು. ಫೆಂಡರ್ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಯ ಕೈಯಲ್ಲಿ, ಗಿಬ್ಸನ್ ನಾರ್ಲಿನ್ ಕೈಯಲ್ಲಿ. ಅವುಗಳ ಕೆಲಸ ಜಾಳಾಗುತ್ತಿದ್ದಾಗಲೇ ಗ್ರೆಕೊ, ಟೋಕಾಯ್, ಐಬನೆಜ್ ಹೆಸರಿನಲ್ಲಿ ಜಪಾನಿನವರು ಅಮೆರಿಕದ 1950ರ ದಶಕದ ಮಾದರಿಗಳನ್ನು ಮಿಲಿಮೀಟರು ಬಿಡದೆ ಅಳೆದು ನಕಲು ಮಾಡತೊಡಗಿದರು. ಕೊನೆಗೆ 1982ರಲ್ಲಿ ಫೆಂಡರ್ ತಾನೇ ಹೋಗಿ ಫುಜಿಗೆನ್‌ನಲ್ಲಿ ತನ್ನ ಗಿಟಾರು ಮಾಡಿಸಿಕೊಂಡಿತು. ನಕಲು ಮಾಡುವವನ ಕೈಗೇ ಅಸಲಿನ ಮಾಲೀಕ ಹೆಸರು ಕೊಟ್ಟ ಪ್ರಸಂಗ ವ್ಯಾಪಾರದ ಚರಿತ್ರೆಯಲ್ಲಿ ಅಪರೂಪದ್ದು. 1985ರಲ್ಲಿ ಯೆನ್ನಿನ ಬೆಲೆ ಏರಿ ಕೆಲಸ ಕೊರಿಯಾಕ್ಕೆ ಹರಿಯಿತು, 1987ರಲ್ಲಿ ಮಾತ್ಸುಮೊಕು ಬಾಗಿಲು ಹಾಕಿತು. ಸಂಗ್ರಹಕಾರರ ಸುವರ್ಣಯುಗವೆಂದರೆ ಈ ಹತ್ತು ಹನ್ನೆರಡು ವರ್ಷ.

ಆದರೆ ಈ ಯುಗವನ್ನು ಅವರು ಓದುವ ಬಗೆಯಲ್ಲೇ ಐಬಿದೆ. ಎಪ್ಪತ್ತರ ದಶಕದ ಯಾವ ಜಪಾನಿ ನಕಲು ಸಿಕ್ಕರೂ ಅದಕ್ಕೆ ‘ಲಾಸೂಟ್ ಗಿಟಾರ್’ ಎಂಬ ಬಿರುದು ಅಂಟಿಸಿ ಬೆಲೆ ಹೇಳುವುದು ರೂಢಿ, ಕೋರ್ಟು ಹೆದರಿ ನಿಲ್ಲಿಸಿದ ಗಿಟಾರು ಎಂಬಂತೆ. ನಡೆದದ್ದು ಇಷ್ಟೇ: 1977ರ ಜೂನ್ 28ರಂದು ನಾರ್ಲಿನ್ ಕಂಪೆನಿ ಐಬನೆಜ್‌ನ ಅಮೆರಿಕನ್ ವಿತರಕರಾದ ಎಲ್ಗರ್ ಮೇಲೆ ದಾವೆ ಹೂಡಿತು. ತಕರಾರಿದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ ಮಾತ್ರ. ಅಷ್ಟರಲ್ಲಿ ಐಬನೆಜ್ ಆ ಆಕಾರವನ್ನು ಬದಲಿಸಿಯೂ ಆಗಿತ್ತು. ಮರುವರ್ಷ ಕೋರ್ಟಿನ ಹೊರಗೆ ರಾಜಿಯಾಯಿತು. ಗ್ರೆಕೊ, ಟೋಕಾಯ್, ಏರಿಯಾ ಬ್ರ್ಯಾಂಡುಗಳಿಗೆ ಈ ದಾವೆಯಲ್ಲಿ ಪಾಲಿಲ್ಲ. ಒಂದು ಸಣ್ಣ ವ್ಯಾಜ್ಯದ ಮೇಲೆ ಇಡೀ ದಶಕದ ಬೆಲೆ ಕಟ್ಟಿದ ಈ ಚಾತುರ್ಯಕ್ಕೆ ಮಾರುವವರನ್ನಷ್ಟೇ ದೂರಿ ಫಲವಿಲ್ಲ, ಕೊಳ್ಳುವವರಿಗೂ ಕತೆ ಬೇಕಾಗಿತ್ತು.

ಅಭಿರುಚಿಯ ಪ್ರಶ್ನೆ ಇನ್ನೂ ಗಂಭೀರ. ಈ ಸಂಗ್ರಹದಲ್ಲಿ ಮೇಲ್ಪಂಕ್ತಿಯಲ್ಲಿರುವುದು ಅಮೆರಿಕದ ಗಿಟಾರಿಗೆ ಅತಿ ಹತ್ತಿರವಾದ ಜಪಾನಿ ಗಿಟಾರು. ಜಪಾನಿನವರು ತಮ್ಮ ತಲೆಯಿಂದ ಮಾಡಿದ್ದು ಕೆಳಗಿನ ಪಂಕ್ತಿಗೆ. ಅರವತ್ತರ ದಶಕದ ಟೀಸ್ಕೊ ಗಿಟಾರುಗಳನ್ನು ನೋಡಿ: ನಾಲ್ಕು ನಾಲ್ಕು ಪಿಕಪ್, ಸಾಲು ಸ್ವಿಚ್ಚುಗಳು, ಮೈಯೆಲ್ಲ ವಿಚಿತ್ರ ಬಾಗು. ಅಮೆರಿಕದ ಡಿಪಾರ್ಟ್‌ಮೆಂಟ್ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಿಹೋದವು. ಅವುಗಳ ಚಿನ್ನದ ತಗಡಿನ ಪಿಕಪ್‌ಗೆ ಮರ್ಯಾದೆ ಬಂದದ್ದು ಅಮೆರಿಕದ ಗಿಟಾರು ವಾದಕ ರೈ ಕೂಡರ್ ತನ್ನ ಗಿಟಾರಿಗೆ ಅದನ್ನು ಕೂರಿಸಿಕೊಂಡ ಮೇಲೆ. ಅಂದರೆ ಜಪಾನಿನ ಸ್ವಂತ ಸ್ವರಕ್ಕೂ ಅಮೆರಿಕದ ಕಿವಿಯೇ ಜಾಮೀನು ನಿಲ್ಲಬೇಕಾಯಿತು.

ಅಭಿರುಚಿ ಎರವಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಳೆಗಾಲವೇ ಸಾಕ್ಷಿ. ಜಪಾನಿ ಗಿಟಾರುಗಳಲ್ಲಿ ಹೆಚ್ಚಿನವಕ್ಕೆ ದಪ್ಪ ಪಾಲಿಯೆಸ್ಟರ್ ಲೇಪ. ದುಬಾರಿ ಮಾದರಿಗಳಿಗೆ ಅಮೆರಿಕದ ಹಳೆಯ ಪದ್ಧತಿಯ ತೆಳು ನೈಟ್ರೋಸೆಲ್ಯುಲೋಸ್. ತೆಳು ಲೇಪದಲ್ಲಿ ಮರ ಉಸಿರಾಡುತ್ತದೆ, ನಾದ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆಗೆ ಇಲ್ಲಿಯವರೂ ಹೆಚ್ಚುವರಿ ದುಡ್ಡು ತೆರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಲ್ಹಾಸ ನದಿ, ಥಾಣೆ ಖಾರಿಗಳ ನಡುವೆ ಕುಳಿತ ಡೊಂಬಿವಲಿಯಲ್ಲಿ ಉಸಿರಾಡಿದ ಮರ ನೀರನ್ನೂ ಕುಡಿಯುತ್ತದೆ. ನೆಕ್ ಬಾಗುತ್ತದೆ, ಫ್ರೆಟ್ ಅಂಚು ಕಿಲುಬು ಹಿಡಿಯುತ್ತದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯ ಗಾಳಿಯಂತೂ ಸರಿಯೇ ಸರಿ: 2020ರ ಫೆಬ್ರವರಿಯಲ್ಲಿ ಅಲ್ಲಿ ರಾಸಾಯನಿಕದಿಂದ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇಂಥ ಊರಿಗೆ ಆ ‘ಕೀಳು’ ಪಾಲಿಯೆಸ್ಟರ್ ಲೇಪವೇ ಮೇಲು. ಆದರೆ ಈ ಮಾತನ್ನು ಇಲ್ಲಿಯ ಅನುಭವದಿಂದ ಹೇಳಿ ಬೆಲೆಯ ಲೆಕ್ಕ ತಿರುಗಿಸುವ ಧೈರ್ಯ ಈ ಹವ್ಯಾಸಕ್ಕೆ ಇನ್ನೂ ಬಂದಿಲ್ಲ. ಹಾಗೆಯೇ, ಆ ಗಿಟಾರುಗಳ ಫ್ರೆಟ್‌ಬೋರ್ಡಿನ ಕಂದುಗಪ್ಪು ಮರ ಬಹುತೇಕ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯ ಜಾತಿಯದು. ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಜಗತ್ತಿನ ಗಿಟಾರು ತಯಾರಕರು ಭಾರತದ ಕಡೆ ತಿರುಗಿದರು. ಇಲ್ಲಿಂದ ಹೋದ ಮರವೇ ಜಪಾನ್ ಸುತ್ತಿ ಬಂದು ವಿಂಟೇಜ್ ಅನ್ನಿಸಿಕೊಳ್ಳುತ್ತದೆ.

1991ಕ್ಕೆ ಮೊದಲು ಇಲ್ಲಿ ವಿದೇಶಿ ಗಿಟಾರು ತರಿಸುವುದೆಂದರೆ ಲೈಸೆನ್ಸು, ಸುಂಕದ ಕಾಟ. ಹಡಗಿನ ನೌಕರರ, ಗಲ್ಫಿನಿಂದ ಮರಳುವವರ ಗಂಟಿನಲ್ಲಿ ಬಂದರೆ ಬಂತು. ಉಳಿದವರಿಗೆ ಕಲ್ಕತ್ತೆಯ ಗಿವ್ಸನ್. ಜಪಾನಿನವರು ಗಿಬ್ಸನ್ನಿನ ಆಕಾರ ಕದ್ದರೆ ನಮ್ಮವರು ಹೆಸರಿಗೇ ಕೈ ಹಾಕಿದರು! ಇಂಥ ಬರಗಾಲ ಕಂಡ ತಲೆಮಾರು ಈಗ ದುಡ್ಡು ಬಂದಾಗ ಪೆಟ್ಟಿಗೆ ಮೇಲೆ ಪೆಟ್ಟಿಗೆ ಒಟ್ಟಿದರೆ ಅದನ್ನು ತಪ್ಪೆನ್ನಲಾರೆ.

ನನ್ನ ದೊಡ್ಡ ತಕರಾರು ಶುರುವಾಗುವುದು ಜಪಾನಿನ ನಗೋಯಾದಿಂದ. ಐಬನೆಜ್‌ನ ಹಿಂದಿರುವ ಹೊಶಿನೊ ಕಂಪೆನಿ ಹುಟ್ಟಿದ್ದು ಆ ಊರಿನಲ್ಲಿ, 1908ರಲ್ಲಿ, ಒಂದು ಪುಸ್ತಕದಂಗಡಿಯ ವಾದ್ಯ ವಿಭಾಗವಾಗಿ. ನಾಲ್ಕೇ ವರ್ಷದ ಮೇಲೆ, 1912ರಲ್ಲಿ, ಅದೇ ಊರಿನ ಮೊರಿಟಾ ಗೊರೊ ಎಂಬಾತ ಟೈಪ್‌ರೈಟರಿನ ಗುಂಡಿಗಳನ್ನು ತಂತಿವಾದ್ಯದ ಮೇಲೆ ಕೂರಿಸಿ ತೈಶೊಗೊತೊ ಎಂಬ ಹೊಸ ವಾದ್ಯ ಮಾಡಿದ. ಅಗ್ಗ, ಹಗುರ, ಯಾರು ಬೇಕಾದರೂ ಕಲಿಯಬಹುದು. ಹಡಗು ಹತ್ತಿ ಅದು ಬಾಲಿಗೆ ಹೋಯಿತು, ಬಲೂಚಿಸ್ತಾನದಲ್ಲಿ ಬೆಂಜು ಆಯಿತು, ಆಫ್ರಿಕಾದ ಪೂರ್ವ ಕರಾವಳಿಯ ತಾರಬ್ ಸಂಗೀತಕ್ಕೆ ಸೇರಿತು. ನಮ್ಮಲ್ಲಿ ಬುಲ್‌ಬುಲ್ ತರಂಗ ಆಯಿತು. ಮುಂಬಯಿ, ಥಾಣೆಯ ಗಲ್ಲಿಗಳಲ್ಲಿ ಅದಕ್ಕೆ ಪಿಕಪ್ ಹಚ್ಚಿ, ಜ್ಯಾಕ್ ಚುಚ್ಚಿ, ಆಂಪ್ಲಿಫೈಯರ್‌ಗೆ ಜೋಡಿಸಿ ಬ್ಯಾಂಜೊ ಎಂದು ಕರೆದರು. ಅಮೆರಿಕದ ತೊಗಲಿನ ಬ್ಯಾಂಜೊಗೂ ಇದಕ್ಕೂ ಸಂಬಂಧವಿಲ್ಲ.

ಈ ವಾದ್ಯದ ಒಳಗನ್ನು ಒಮ್ಮೆ ಗಮನಿಸಬೇಕು. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಉಕ್ಕಿನ ತಂತಿ. ಎಡಗೈ ಗುಂಡಿ ಒತ್ತಿದರೆ ಕೆಳಗಿನ ಲೋಹದ ಪಟ್ಟಿ ತಂತಿಯನ್ನು ಒತ್ತಿ ಹಿಡಿಯುತ್ತದೆ. ಗಿಟಾರಿನಲ್ಲಿ ಬೆರಳು ಮಾಡುವ ಕೆಲಸ ಅದೇ. ಬಲಗೈಯಲ್ಲಿ ತಂತಿ ಮೀಟುವ ನಕ್ಕಿ. ತಂತಿಯ ಕಂಪನವನ್ನು ಅಯಸ್ಕಾಂತದ ಪಿಕಪ್ ವಿದ್ಯುತ್ತಾಗಿಸುತ್ತದೆ. ತತ್ವದಲ್ಲಿ ಇದು ಅಪ್ಪಟ ಎಲೆಕ್ಟ್ರಿಕ್ ಗಿಟಾರು, ಜಪಾನಿನಲ್ಲಿ ಹುಟ್ಟಿದ್ದು, ಯಾರ ನಕಲೂ ಅಲ್ಲ. ಇದಕ್ಕೆ ಕೊರತೆಯಿಲ್ಲವೆಂದಲ್ಲ. ಗುಂಡಿಯ ಮೂಲಕ ತಂತಿಯನ್ನು ಎಳೆದು ಜಾರಿಸಲಾಗದು, ಹಾಗಾಗಿ ಗಮಕಕ್ಕೆ ಇದು ಬಡವ. ಸ್ವರ ನಿಲ್ಲುವುದೂ ಕಡಿಮೆ. ಆ ಕೊರತೆಯನ್ನು ಬಾರಿಸುವವನು ನಕ್ಕಿಯ ಬಿರುಸಿನಲ್ಲಿ ಮುಚ್ಚುತ್ತಾನೆ. ಒಂದೇ ಸ್ವರವನ್ನು ಬಿಡದೆ ಮೀಟಿ ಮೀಟಿ ಉದ್ದ ಮಾಡುತ್ತಾನೆ. ಆ ಕಂಪಿಸುವ ಚೂಪು ದನಿ ಢೋಲು ತಾಶೆಗಳ ಮೇಲೆ ಎದ್ದು ಕೇಳುತ್ತದೆ. ವಾದ್ಯದ ಮಿತಿಯೇ ಅದರ ಶೈಲಿಯನ್ನು ಕಟ್ಟಿದೆ.

ಗಣಪತಿಯ ಮೆರವಣಿಗೆ, ದಹಿ ಹಂಡಿ, ಆಗ್ರಿ, ಕೋಳಿ ಸಮುದಾಯದ ಮನೆಗಳ ಮದುವೆಯ ಹಿಂದಿನ ದಿನದ ಹಳದಿ ಶಾಸ್ತ್ರ, ಎಲ್ಲ ಕಡೆ ಬ್ಯಾಂಜೊ ಪಾರ್ಟಿ ಎಂಬ ವಾದ್ಯತಂಡ. ಕಲ್ಯಾಣದ ದುರ್ಗಾಡಿಯ ಕಡೆ ವಿಸರ್ಜನೆಗೆ ಹೊರಟ ಒಂದು ಟೆಂಪೋ ನೋಡಿದರೆ ಸಾಕು: ನಡುವೆ ಬ್ಯಾಂಜೊ, ಪಕ್ಕದಲ್ಲಿ ಕ್ಯಾಸಿಯೊ ಅಥವಾ ಯಮಹಾ ಕೀಬೋರ್ಡು, ಮುಂದೆ ಪ್ಯಾಡ್. ಪ್ಯಾಡ್ ಅಂದರೆ ರೋಲ್ಯಾಂಡ್ ಕಂಪೆನಿ 1985ರಲ್ಲಿ ತಂದ ಆಕ್ಟಾಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯದ ವಂಶ. ಮೂರೂ ಜಪಾನಿನ ವಂಶದ್ದೇ, ಮೂರೂ ದುಡಿಯುತ್ತಿರುವುದು. ಥಾಣೆ ಜಿಲ್ಲೆಯ ಅತಿ ದೊಡ್ಡ ಜಪಾನಿ ವಾದ್ಯ ಸಂಗ್ರಹ ಹೀಗೆ ಬೀದಿಯಲ್ಲಿ ಹೋಗುತ್ತಿರುವಾಗ ಸಂಗ್ರಹಕಾರ ಮೇಲಿನ ಮಹಡಿಯಲ್ಲಿ ಕಿಟಕಿ ಹಾಕಿಕೊಂಡು ಸೀರಿಯಲ್ ನಂಬರು ಓದುತ್ತಿರುತ್ತಾನೆ. ಬ್ಯಾಂಜೊ ಬರೀ ಗದ್ದಲವೆಂದು ಮೂಗು ಮುರಿಯುವ ನಮ್ಮ ಕರಾವಳಿಯವರನ್ನೂ ಬಿಡಬೇಕಾಗಿಲ್ಲ. ಯಕ್ಷಗಾನದ ಚೆಂಡೆಯ ಅಬ್ಬರದಲ್ಲಿ ಬೆಳಗು ಮಾಡಿದ ಕಿವಿಗಳಿಗೆ ಬ್ಯಾಂಜೊ ಮಾತ್ರ ಹೇಗೆ ಗದ್ದಲವಾಗುತ್ತದೋ ಕಾಣೆ.

ಬ್ಯಾಂಜೊವನ್ನು ಯಾರೂ ಏಕೆ ಸಂಗ್ರಹಿಸುವುದಿಲ್ಲ? ಅದಕ್ಕೆ ನಂಬರಿಲ್ಲ, ಕ್ಯಾಟಲಾಗಿಲ್ಲ, ಕಾರ್ಖಾನೆಯ ಹಳೆಯ ಫೋಟೊ ಇಲ್ಲ. ಪಿಕಪ್ ಸುಟ್ಟರೆ ಬೇರೆಯದು ಬೀಳುತ್ತದೆ, ಬಣ್ಣ ಮಾಸಿದರೆ ಹೊಸ ಬಣ್ಣ, ಗುಂಡಿ ಮುರಿದರೆ ಹಳೆಯ ಇನ್ನೊಂದರಿಂದ ಕಿತ್ತು ಹಾಕುತ್ತಾರೆ. ವಿಂಟೇಜ್ ಮಾರುಕಟ್ಟೆಯಲ್ಲಿ ಮಹಾಪಾಪವೆನಿಸಿದ್ದೆಲ್ಲ ಇಲ್ಲಿ ನಿತ್ಯದ ರಿಪೇರಿ. ಅಸಲು ಭಾಗಗಳಿಗಷ್ಟೇ ಬೆಲೆ ಕಟ್ಟುವ ಅಭಿರುಚಿಗೆ ಬದಲಾಗುತ್ತಲೇ ಬದುಕಿದ ವಾದ್ಯವನ್ನು ಅಳೆಯುವ ಕೋಲೇ ಇಲ್ಲ.

ಈ ವಾದ್ಯಕ್ಕೆ ದೊಡ್ಡ ಪರದೆಯ ಅವಕಾಶ ಒಮ್ಮೆ ಸಿಕ್ಕಿತ್ತು. ಮರಾಠಿಯಲ್ಲಿ ‘ನಟರಂಗ್’, ‘ಬಾಲಗಂಧರ್ವ’ ಮಾಡಿದ, ಡೊಂಬಿವಲಿಯವರೇ ಆದ ರವಿ ಜಾಧವ್ 2016ರಲ್ಲಿ ಹಿಂದಿಯಲ್ಲಿ ‘ಬ್ಯಾಂಜೊ’ ತೆಗೆದರು. ರಿತೇಶ್ ದೇಶ್‌ಮುಖ್ ಬ್ಯಾಂಜೊ ಬಾರಿಸುವವ, ನರ್ಗಿಸ್ ಫಕ್ರಿ ಆ ದನಿಯನ್ನು ಹುಡುಕಿಕೊಂಡು ನ್ಯೂಯಾರ್ಕಿನಿಂದ ಬರುವ ಸಂಗೀತಗಾರ್ತಿ. ತಮಾಶಾ ಆಟದ ಢೋಲಕಿಯನ್ನೂ ಸಂಗೀತ ನಾಟಕದ ರಂಗಗೀತೆಯನ್ನೂ ಒಳಗಿನಿಂದ ಬಲ್ಲ ನಿರ್ದೇಶಕರಿಂದ ನಾನು ಹೆಚ್ಚು ನಿರೀಕ್ಷಿಸಿದ್ದೆ. ಚಿತ್ರದಲ್ಲಿ ಬ್ಯಾಂಜೊ ಹೆಗಲಿಗೇರುತ್ತದೆ, ಮಳೆಯಲ್ಲಿ, ಬಣ್ಣದಲ್ಲಿ ನೆನೆಯುತ್ತದೆ, ಆದರೆ ಕೇಳಿಸುವುದು ಕಡಿಮೆ. ವಿಶಾಲ್–ಶೇಖರ್ ಸಂಗೀತದಲ್ಲಿ ಗಿಟಾರು, ಡ್ರಮ್ಮುಗಳ ಅಲೆ ಅದನ್ನು ನುಂಗುತ್ತದೆ. ಗುಂಡಿಯ ಮೇಲೆ ಬೆರಳು ಹೇಗೆ ಓಡುತ್ತದೆ, ಕಲಿತದ್ದು ಯಾರಿಂದ, ಸೀಜನ್ ಮುಗಿದ ಮೇಲೆ ಹೊಟ್ಟೆಪಾಡೇನು ಎಂಬ ಪ್ರಶ್ನೆಗಳ ಹತ್ತಿರ ಬಂದ ಕತೆ ಜಾರಿ ಗೂಂಡಾಗಿರಿಯ ಕಡೆ ಹೋಗುತ್ತದೆ. ಎಲ್ಲಕ್ಕಿಂತ ಚುಚ್ಚುವುದು ಇದು: ಗಲ್ಲಿಯ ವಾದ್ಯಕ್ಕೆ ಬೆಲೆ ಬರಲು ನ್ಯೂಯಾರ್ಕಿನ ಕಿವಿ ಒಪ್ಪಬೇಕು. ಟೀಸ್ಕೊಗೆ ರೈ ಕೂಡರ್ ಮಾಡಿದ ಉಪಕಾರವನ್ನೇ ಇಲ್ಲಿ ಆ ನಾಯಕಿಗೆ ವಹಿಸಿದ್ದಾರೆ. ಆದರೂ ಬ್ಯಾಂಜೊ ಬಾರಿಸುವವನನ್ನು ನಾಯಕನನ್ನಾಗಿ ಮಾಡಿದ ಹಿಂದಿ ಚಿತ್ರ ನನಗೆ ಗೊತ್ತಿರುವಂತೆ ಇದೊಂದೇ. ಆ ಋಣ ಸಣ್ಣದಲ್ಲ.

ಬ್ಯಾಂಜೊ ಪಾರ್ಟಿಗಳ ಜಾಗವನ್ನು ಡಿಜೆಗಳ ಸ್ಪೀಕರ್ ಗೋಡೆಗಳು ತಿನ್ನುತ್ತಿವೆ. 2018ರ ಗಣೇಶೋತ್ಸವದ ಹೊತ್ತಿಗೆ ಬಾಂಬೆ ಹೈಕೋರ್ಟು ಡಿಜೆಗಳ ಮೇಲಿನ ತಡೆಯನ್ನು ಸಡಿಲಿಸಲು ಒಪ್ಪಲಿಲ್ಲ. ಆದರೂ ಪೆನ್‌ಡ್ರೈವ್ ಚುಚ್ಚಿದರೆ ಮುಗಿಯುವ ಕೆಲಸಕ್ಕೆ ಹತ್ತು ಮಂದಿಯ ಪಾರ್ಟಿ ಕರೆಯುವ ಮಂಡಳಿಗಳು ಕಡಿಮೆಯಾಗುತ್ತಿರುವುದು ಕಣ್ಣಿಗೆ ಕಾಣುವಂಥದ್ದು. ಎಂಬತ್ತರ ದಶಕದಲ್ಲಿ ಪಿಕಪ್ ಕಂಡ ಬ್ಯಾಂಜೊಗಳು ಇನ್ನೂ ಅಲ್ಲೊಂದು ಇಲ್ಲೊಂದು ಇರಬೇಕು. ಯಾವ ಮರ, ಎಷ್ಟು ತಂತಿ, ಪಿಕಪ್‌ಗೆ ಎಷ್ಟು ಸುತ್ತು, ಪೆಟ್ಟಿಗೆ ಕಟ್ಟಿದ ಬಡಗಿ ಯಾರು ಎಂದು ಬರೆದಿಡುವ ಕಣ್ಣು, ತಾಳ್ಮೆ ಎರಡೂ ಇರುವುದು ಈ ಗಿಟಾರು ಸಂಗ್ರಹಕಾರರಲ್ಲೇ. ಒಂದು ಮಲ್ಟಿಮೀಟರು, ಒಂದು ಸ್ಕ್ರೂಡ್ರೈವರು, ಒಂದು ನೋಟ್‌ಬುಕ್ಕು ಸಾಕು. ಬ್ಯಾಂಜೊ ಹುಡುಕಿಕೊಂಡು ಹೋಗುವವರು ಗಣಪತಿ, ನವರಾತ್ರಿ ಕಳೆದ ಮೇಲೆ ಹೋಗಬೇಕು. ಅಲ್ಲಿಯ ತನಕ ಆ ವಾದ್ಯಗಳಿಗೆ ಬಿಡುವಿರುವುದಿಲ್ಲ.