ಆನೆಯ ಮೇಲೆ ಹೊರಿಸಿದ ದೂರು

ದ್ವಿತೀಯ ಪಿಯುಸಿ ಪಠ್ಯಕ್ಕೆ ದೀರ್ಘ ಗದ್ಯವಾಗಿ ಬಂದ ಮೇಲೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಗೆ ಒಂದು ಪ್ರಶ್ನೆ ಅಂಟಿಕೊಂಡಿದೆ: ಈ ಆನೆ ಯಾವುದರ ಸಂಕೇತ? ‘ಕೆಟ್ಟುಹೋದ ಆಡಳಿತದ್ದು’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸಿದರೆ ಕತೆಯ ಅರ್ಧ ಕಸುವು ಕೈತಪ್ಪಿಹೋಗುತ್ತದೆ.

ಈ ಆನೆ ಕಾಡಿನಿಂದ ನುಗ್ಗಿ ಬಂದದ್ದಲ್ಲ. ಮಠದಲ್ಲಿ ಬೆಳೆದು, ಕೃಷ್ಣೇಗೌಡನ ಕೈಸೇರಿ, ಮರದ ದಿಮ್ಮಿ ಎಳೆದು ದುಡಿಯುವ ಪ್ರಾಣಿ. ಅದನ್ನು ರಾಕ್ಷಸನನ್ನಾಗಿ ಮಾಡುವುದು ಊರಿನ ಬಾಯಿ. ತಂತಿ ಹರಿದರೆ ಆನೆ, ಕರೆಂಟು ಹೋದರೆ ಆನೆ. ಅರಣ್ಯ ಇಲಾಖೆಯ ನಾಗರಾಜನಿಗೆ ಒಂದು ಸಂಶಯ, ಲೈನ್‌ಮನ್ ತಿಪ್ಪಣ್ಣನಿಗೆ ಇನ್ನೊಂದು ಸಿಟ್ಟು. ಕೊನೆಗೆ ತಿಪ್ಪಣ್ಣ ಶಾಕ್ ಹೊಡೆದು ಸಾಯುತ್ತಾನೆ. ಒಂದು ಇಲಾಖೆಗೂ ಇನ್ನೊಂದಕ್ಕೂ ಹೊಂದಾಣಿಕೆ ಇಲ್ಲದ ಊರಿನಲ್ಲಿ ಎಲ್ಲ ಕೇಡಿಗೂ ಒಂದೇ ಕಾರಣ ಬೇಕಾಗುತ್ತದೆ. ಬಾಯಿಲ್ಲದ ಆನೆ ಅದಕ್ಕೆ ಒದಗಿಬರುತ್ತದೆ.

ತೇಜಸ್ವಿಯವರ ಕುಶಲತೆ ಇರುವುದು ಇಲ್ಲೇ. ದೂರುಗಳು ಒಬ್ಬೊಬ್ಬರ ಬಾಯಿಂದ ಒಂದೊಂದಾಗಿ ನಿರೂಪಕನ ಕಿವಿಗೆ ಬೀಳುತ್ತವೆ. ಕೇಳುತ್ತ ಕೇಳುತ್ತ ಓದುಗನೂ ಆನೆಯನ್ನು ಅನುಮಾನಿಸತೊಡಗುತ್ತಾನೆ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ನವ್ಯದ ಹಾದಿಯಿಂದ ಹೊರಬಂದವರು ಅವರು. ಒಬ್ಬನ ಒಳಮನಸ್ಸಿನಲ್ಲಿ ಹುಟ್ಟುವ ನವ್ಯರ ಸಂಕೇತದಂತಲ್ಲದೆ, ಈ ಆನೆ ಹತ್ತು ಜನರ ಮಾತಿನಲ್ಲಿ ಬೆಳೆಯುತ್ತದೆ. ಮಲೆನಾಡಿನಲ್ಲೇ ನಡೆಯುವ ಅವರ ಕಾದಂಬರಿ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟ ಜನರ ಕಣ್ಣು ತೆರೆಸುತ್ತದೆ; ಇಲ್ಲಿ ಕಣ್ಣೆದುರೇ ಇರುವ ಆನೆಯನ್ನು ಯಾರೂ ನೆಟ್ಟಗೆ ನೋಡುವುದಿಲ್ಲ.

ಕೊರತೆಯೂ ಇದೆ. ಆನೆಯೊಡನೆ ಹಗಲಿರುಳು ಕಳೆಯುವ ಮಾವುತ ವೇಲಾಯುಧನ ಒಳಗನ್ನು ಕತೆ ಹೆಚ್ಚು ತೆರೆದು ತೋರಿಸುವುದಿಲ್ಲ. ಆನೆಯನ್ನು ಬಲ್ಲವನ ಮಾತಿಗೆ ಇನ್ನಷ್ಟು ಜಾಗ ಸಿಕ್ಕಿದ್ದರೆ ಊರಿನ ಗಾಳಿಮಾತಿನ ಪೊಳ್ಳು ಮತ್ತಷ್ಟು ತಟ್ಟುತ್ತಿತ್ತು.

ಹೇಮಾವತಿ ನದಿ ಹುಟ್ಟುವ, ಮೂಡಿಗೆರೆ ತಾಲ್ಲೂಕಿನ ಜಾವಳಿಯ ಓದುಗರಿಗೆ ಆನೆ ಬರೀ ಸಂಕೇತವಲ್ಲ. ಈ ತಾಲ್ಲೂಕಿನಲ್ಲಿ ಕಾಡಾನೆ ದಾಳಿಗೆ ಜೀವಗಳು ಹೋಗಿವೆ. 2022ರಲ್ಲಿ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸಿತು. ತೋಟದ ಕೆಲಸಕ್ಕೆ ಮುಂಜಾನೆ ಹೊರಡುವವರ ಭಯ ನಿಜವಾದದ್ದು. ಅದನ್ನು ಗಾಳಿಮಾತು ಎನ್ನಲಾಗದು. ಆದರೂ ಕಾಡು ಒಡೆದು ಚೂರಾದದ್ದು, ಆನೆಗಳ ಹಾದಿ ಕಟ್ಟಿಹೋದದ್ದು ಚರ್ಚೆಗೇ ಬಾರದೆ ‘ಪುಂಡಾನೆ’ ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿದರೆ, ತೇಜಸ್ವಿ ಕಂಡ ಊರೇ ಮತ್ತೆ ಎದುರಾಗುತ್ತದೆ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ಬಿನ್ನಹ. ಸಂಕೇತ ಯಾವುದೆಂದು ಕೇಳುವ ಮೊದಲು ಕತೆಯಲ್ಲಿ ಬರುವ ಪ್ರತಿ ದೂರನ್ನೂ ಮಕ್ಕಳಿಂದ ಪಟ್ಟಿ ಮಾಡಿಸಿ. ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು ಎಂದು ಪಕ್ಕದಲ್ಲೇ ಬರೆಸಿ.